ಮಂಡ್ಯದ ಬಸ್ಸಿಗೆ ಮಳವಳ್ಳಿ ಕಡೆ ನೋಡುವುದು

ಹೋದ ಭಾನುವಾರ ಚೈತ್ರ ಫೋನಿನಲ್ಲಿ ಒಂದು ಪ್ರಶ್ನೆ ಕೇಳಿದಳು. ಗೆಜ್ಜಲಗೆರೆ ಹತ್ತಿರದ ಒಂದು ಶಾಲೆಗೆ ಅವಳು ಅತಿಥಿ ಶಿಕ್ಷಕಿಯಾಗಿ ಸೇರಿ ಇನ್ನೂ ತಿಂಗಳಾಗಿಲ್ಲ, ಏಳನೇ ತರಗತಿಯ ಗಣಿತ ಕೊಟ್ಟಿದ್ದಾರೆ. "ಅಜ್ಜಿ, ಮೈನಸ್ಸನ್ನ ಮೈನಸ್ಸಿಂದ ಗುಣಿಸಿದ್ರೆ ಪ್ಲಸ್ಸು ಯಾಕೆ ಬರುತ್ತೆ ಅಂತ ಮಕ್ಕಳು ಕೇಳ್ತಾರೆ. ನೀನು ಏನು ಹೇಳ್ತಿದ್ದೆ?" ಎಂದಳು. ನಾನು "ಆಮೇಲೆ ಹೇಳ್ತೀನಿ ಕಣವ್ವ" ಎಂದು ಫೋನು ಇಟ್ಟುಬಿಟ್ಟೆ. ಉತ್ತರ ಗೊತ್ತಿಲ್ಲ ಅಂತಲ್ಲ. ಅದನ್ನು ಹೇಳಲು ಹೊರಟರೆ ನಿಮ್ಮ ತಾತನ ಬಸ್ಸು ಬರುತ್ತದೆ, ಪುಟ್ಟತಾಯಿ ಬರುತ್ತಾಳೆ, ಅದು ಫೋನಿನಲ್ಲಿ ಮುಗಿಯುವುದಿಲ್ಲ. ದೊಡ್ಡವರ ಎದುರು ಮಾತು ಹೊರಡದ ಹೆಂಗಸು ನಾನು. ಮಕ್ಕಳ ಮುಂದೆ ಮಾತ್ರ ಹೇಗೋ ಹೊರಡುತ್ತಿತ್ತು. ಈಗ ನೀವೂ ದೊಡ್ಡವರಾಗಿದ್ದೀರಿ. ಅದಕ್ಕೇ ಬರೆಯುತ್ತಿದ್ದೇನೆ. ಚೈತ್ರ ಓದಲಿ. ಅವಳ ತಮ್ಮ ಪ್ರೀತಮ್‌ಗೆ ಮನಸ್ಸಾದರೆ ಅವನೂ ಓದಲಿ.

ನಾನು ಯಾವಾಗ ಸೇರಿದೆ, ಯಾವಾಗ ಬಡ್ತಿ ಬಂತು ಅನ್ನುವುದೆಲ್ಲ ನಿಮಗೆ ಬೇಡ. ದುದ್ದದ ಕಡೆ ಹುಟ್ಟಿ, ಊರ ಶಾಲೆಯಲ್ಲೇ ಓದಿ, ಮಂಡ್ಯದಲ್ಲಿ ತರಬೇತಿ ಮುಗಿಸಿ ಮೇಡಂ ಆದವಳು. ನಿಮ್ಮ ತಾತನನ್ನು ಮದುವೆಯಾಗಿ ಮದ್ದೂರಿಗೆ ಬಂದೆ. ಅವರು ಮಂಡ್ಯ–ಮಳವಳ್ಳಿ ಬಸ್ಸಿನಲ್ಲಿ ಕಂಡಕ್ಟರು. ನನಗೆ ಸಿಕ್ಕಿದ್ದು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಪಕ್ಕದ ಒಂದು ಶಾಲೆ. ಹೊಸದಾಗಿ ಬಂದವರಿಗೆ ಗಣಿತ ತಳ್ಳುವುದು ಆಗಿನ ಪದ್ಧತಿ. ಈಗಲೂ ಹಾಗೇ ಇದೆ ಅಂತ ಚೈತ್ರಳನ್ನು ನೋಡಿದರೆ ಗೊತ್ತಾಗುತ್ತದೆ.

ನಮ್ಮ ಹೆಡ್‌ಮಾಸ್ತರು ದಪ್ಪ ಮೀಸೆಯ, ಒರಟು ಮಾತಿನ, ಮಕ್ಕಳಿಗೆ ಸ್ವಂತ ಖರ್ಚಿನಲ್ಲಿ ಚಪ್ಪಲಿ ಕೊಡಿಸುತ್ತಿದ್ದ ಮನುಷ್ಯ. ಗಣಿತ ಅಂದರೆ ಅವರಿಗೆ ಬಾಯಿಪಾಠ. ಧನ ಸಂಖ್ಯೆ, ಋಣ ಸಂಖ್ಯೆಗಳ ಗುಣಾಕಾರ ಬಂದಾಗ ನನ್ನ ತರಗತಿಗೆ ತಾವೇ ಬಂದು, ಬೆತ್ತದಿಂದ ಮೇಜು ಕುಟ್ಟುತ್ತ ಕೋಲಾಟದ ಲಯದಲ್ಲಿ ಹೇಳಿಸುತ್ತಿದ್ದರು. "ಪ್ಲಸ್ಸು ಪ್ಲಸ್ಸು ಪ್ಲಸ್ಸು! ಪ್ಲಸ್ಸು ಮೈನಸ್ಸು ಮೈನಸ್ಸು! ಮೈನಸ್ಸು ಪ್ಲಸ್ಸು ಮೈನಸ್ಸು! ಮೈನಸ್ಸು ಮೈನಸ್ಸು ಪ್ಲಸ್ಸು!" ಕೊನೆಯ ಪ್ಲಸ್ಸಿಗೆ ಇಡೀ ತರಗತಿ ಒಂದೇ ಸಲ ಚಪ್ಪಾಳೆ ಹೊಡೆಯಬೇಕು. ರಸ್ತೆಯಲ್ಲಿ ಎತ್ತಿನಗಾಡಿ ಹೊಡೆಯುವವರೂ ಆ ಚಪ್ಪಾಳೆಗೆ ತಿರುಗಿ ನೋಡುತ್ತಿದ್ದರು. ನಾನೂ ಹಾಗೇ ಕಲಿತಿದ್ದೆ, ಹಾಗೇ ಕಲಿಸಿದೆ. ಮಕ್ಕಳು ಅಂಕ ತೆಗೆಯುತ್ತಿದ್ದರು. ಯಾಕೆ ಎಂದು ನನಗೂ ಯಾರೂ ಹೇಳಿರಲಿಲ್ಲ. ಕೇಳಬೇಕು ಅಂತ ನನಗೂ ಹೊಳೆದಿರಲಿಲ್ಲ.

ಕೇಳಿದವಳು ಪುಟ್ಟತಾಯಿ.

ಏಳನೇ ತರಗತಿಯ ಹುಡುಗಿ. ಪಕ್ಕದ ಊರಿನಿಂದ ನಡೆದು ಬರುತ್ತಿದ್ದಳು. ಅವಳ ಅಪ್ಪ ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ಕೊಪ್ಪರಿಗೆಯ ಹತ್ತಿರ ಕೆಲಸ ಮಾಡುತ್ತಿದ್ದ. ಅವಳ ಲಂಗದಲ್ಲೂ ಆ ಹೊಗೆ, ಪಾಕದ ವಾಸನೆ ಇರುತ್ತಿತ್ತು. ಕೂಡಿಸು, ಕಳೆ, ಭಾಗಿಸು ಅಂದರೆ ಅವಳಿಗಿಂತ ಮುಂದೆ ಯಾರೂ ಇರಲಿಲ್ಲ. ಆದರೆ ಈ ಪಾಠ ಬಂದ ಮೇಲೆ ಅವಳ ಸ್ಲೇಟಿನಲ್ಲಿ ಒಂದು ವಿಚಿತ್ರ ನೋಡಿದೆ. ಮೈನಸ್ ಮೂರನ್ನು ಮೈನಸ್ ನಾಲ್ಕರಿಂದ ಗುಣಿಸಿ ಎಂದರೆ ಹನ್ನೆರಡು ಎಂದು ಬರೆದು, ಅದರ ಮುಂದೆ ಚಿಹ್ನೆಯ ಜಾಗವನ್ನು ಒಂದು ಬೆರಳಿನಷ್ಟು ಖಾಲಿ ಬಿಟ್ಟಿರುತ್ತಿದ್ದಳು. ಚಿಹ್ನೆ ಇಲ್ಲದಿದ್ದರೂ ಪ್ಲಸ್ಸೇ ಅಂತ ಸರಿ ಹಾಕುವ ಹಾಗಿಲ್ಲ, ಮೈನಸ್ಸು ಬರಬೇಕಾದ ಲೆಕ್ಕಕ್ಕೂ ಅವಳು ಹಾಗೇ ಬಿಟ್ಟಿದ್ದಳು.

"ಮರೆತೆಯೇನೇ?" ಎಂದೆ.

"ಇಲ್ಲ ಮಿಸ್. ಮೈನಸ್ಸು ಮೈನಸ್ಸು ಪ್ಲಸ್ಸು. ಗೊತ್ತು."

"ಮತ್ತೆ ಬರಿ."

"ಯಾಕೆ ಅಂತ ಏಳಿ, ಬರೀತೀನಿ. ಬಾಯಿ ಏಳ್ತದೆ ಮಿಸ್. ಕೈ ಬರೆಯಾಕಿಲ್ಲ ಅಂತದೆ."

ನನಗೆ ಸಿಟ್ಟು ಬಂತು. ಆಮೇಲೆ ಭಯವಾಯಿತು. ಆಗ ಏಳನೇ ತರಗತಿಗೆ ಪಬ್ಲಿಕ್ ಪರೀಕ್ಷೆ ಇತ್ತು. ಅವಳ ಅಪ್ಪ ಒಂದು ದಿನ ಶಾಲೆಗೆ ಬಂದು, "ಈ ಸತಿ ಪಾಸಾದ್ರೆ ಮಳವಳ್ಳಿ ಆಸ್ಟೆಲಿಗೆ ಸೇರುಸ್ತೀನಿ ಮೇಷ್ಟ್ರೆ. ಇಲ್ಲಾಂದ್ರೆ ಆಲೆಮನೇಲಿ ನಂಜೊತೆ ಕಬ್ಬು ಎತ್ತಿಕೊಡ್ಲಿ" ಎಂದು ಹೆಡ್‌ಮಾಸ್ತರಿಗೆ ಹೇಳಿ ಹೋಗಿದ್ದ. ಮಗಳ ಎದುರಿಗೇ ಹೇಳಿದ್ದ. ಅವಳು ಬಾಗಿಲ ಹತ್ತಿರ ನಿಂತು ಉಗುರು ಕಚ್ಚುತ್ತಿದ್ದಳು.

ಅಷ್ಟರಲ್ಲಿ ಇನ್‌ಸ್ಪೆಕ್ಟರು ಬಂದರು. ಬಿಳಿ ಸಫಾರಿ ಹಾಕಿಕೊಂಡ, ನಗುಮುಖದ ಮನುಷ್ಯ. ಎಲ್ಲ ಬಿಟ್ಟು ಇದೇ ಲೆಕ್ಕ ಕೇಳಿದರು. ತರಗತಿ ಒಟ್ಟಿಗೆ ಕೂಗಿತು, ಚಪ್ಪಾಳೆಯನ್ನೂ ಹೊಡೆಯಿತು. ಅವರಿಗೆ ಖುಷಿಯಾಗಿ, ಸುಮ್ಮನೆ ಕೂತಿದ್ದ ಪುಟ್ಟತಾಯಿಯ ಕಡೆ ಕೈ ತೋರಿಸಿದರು.

"ನೀನು ಹೇಳಮ್ಮ. ಮೈನಸ್ ಮೂರು, ಮೈನಸ್ ನಾಲ್ಕು?"

"ಅನ್ನೆರಡು ಸಾ. ಮುಂದ್ಗಡೆ ಏನ್ ಆಕ್ಬೇಕೋ ಗೊತ್ತಿಲ್ಲ."

"ಯಾಕೆ, ಮಿಸ್ ಹೇಳಿಕೊಟ್ಟಿಲ್ವಾ?"

"ಏಳ್ಕೊಟ್ಟವ್ರೆ ಸಾ. ಯಾಕಂಗಾಯ್ತದೆ ಅಂತ ಅವ್ರ್ಗೂ ಗೊತ್ತಿಲ್ಲ."

ಇನ್‌ಸ್ಪೆಕ್ಟರು ಜೋರಾಗಿ ನಕ್ಕರು. ನಕ್ಕು ನನ್ನ ಕಡೆ ನೋಡಿದರು, ಏನಾದರೂ ಹೇಳುತ್ತೇನೆ ಎಂದು ಕಾದರು. ನಾನು ನೆಲ ನೋಡುತ್ತಿದ್ದೆ. "ಮಕ್ಕಳಿಗೆ ಇಷ್ಟು ಸಲಿಗೆ ಒಳ್ಳೇದಲ್ಲಮ್ಮ" ಎಂದು ಹೋದರು. ಅವರ ಜೀಪು ತಿರುವು ದಾಟುವುದನ್ನೇ ಕಾದಿದ್ದ ಹೆಡ್‌ಮಾಸ್ತರು ನನ್ನನ್ನು ಕರೆದರು.

"ಆ ಉಡುಗೀನ ಪಬ್ಲಿಕ್ಕಿಗೆ ಕೂರ್ಸೋದ್ ಬ್ಯಾಡ. ಇಸ್ಕೂಲ್ ರಿಸಲ್ಟು ಎಕ್ಕುಟ್ಟೋಯ್ತದೆ."

ನನಗೆ ಎಲ್ಲಿಂದ ಧೈರ್ಯ ಬಂತೋ, "ಸಾರ್, ಪ್ರಿಪರೇಟರಿವರೆಗೆ ನೋಡೋಣ" ಎಂದೆ. ಅಷ್ಟು ಹೇಳಲು ಸೆರಗಿನ ತುದಿಯನ್ನು ಬೆರಳಿಗೆ ಎಷ್ಟು ಸುತ್ತಿಕೊಂಡಿದ್ದೆನೋ, ಆಮೇಲೆ ಬೆರಳು ನೀಲಿಯಾಗಿತ್ತು.

"ಆಯ್ತು. ಪ್ರಿಪರೇಟರೀಲಿ ಆ ಗುಣಾಕಾರ ನೆಟ್ಟುಗೆ ಬರುದ್ರೆ ಕೂತ್ಕಳ್ಳಿ. ಇಲ್ಲ ಅಂದ್ರೆ ನೀನೂ ಕೇಳ್ಬ್ಯಾಡ, ನಾನೂ ಏಳಾಕಿಲ್ಲ."

ಹೀಗೆ ಪುಟ್ಟತಾಯಿಯ ಓದು ಒಂದು ಚಿಹ್ನೆಯ ಮೇಲೆ ಬಂದು ನಿಂತಿತು. ಅವಳು ಎರಡು ಸಣ್ಣ ಗೆರೆ ಎಳೆದಿದ್ದರೆ ಸಾಕಿತ್ತು. ಎಳೆಯಲಿಲ್ಲ. ನಾನು ಬೇಡಿಕೊಂಡೆ, ಗದರಿದೆ, ಒಂದು ಸಲ ಬೆತ್ತವನ್ನೂ ಎತ್ತಿದೆ. ಅವಳು ಅಂಗೈ ಚಾಚಿದಳು. ಹೊಡೆಯಲು ನನ್ನಿಂದ ಆಗಲಿಲ್ಲ, ಯಾಕೆಂದರೆ ಅವಳು ಕೇಳುತ್ತಿದ್ದುದು ಸರಿಯಾಗಿತ್ತು.

ಮೊದಲು ಪುಸ್ತಕದಲ್ಲಿದ್ದ ಸಾಲದ ಉದಾಹರಣೆ ಹಿಡಿದೆ. ಮೂರು ಸಲ ಸಾಲ ಮಾಡಿದರೆ ಸಾಲ ಮೂರರಷ್ಟು, ಅಲ್ಲಿಗೆ ಸರಿ. ಸಾಲವನ್ನು ಸಾಲದಿಂದ ಗುಣಿಸಿದರೆ ಐಶ್ವರ್ಯ ಹೇಗೆ ಬರುತ್ತದೆ? "ನಮ್ಮಪ್ಪನ್ಗೆ ಮೊದ್ಲೇ ಏಳ್ಕೊಡಿ ಮಿಸ್ ಅದ" ಎಂದು ಹಿಂದಿನ ಬೆಂಚಿನ ಶಿವಣ್ಣ ಕೂಗಿದ. ಅಲ್ಲಿಗೆ ಅದನ್ನು ಕೈಬಿಟ್ಟೆ.

ಆಮೇಲೆ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಉದ್ದದ ಸಂಖ್ಯಾರೇಖೆ ಎಳೆದೆ. ತರಗತಿಯ ಬಾಗಿಲ ಎದುರು ಸೊನ್ನೆ. ಬಲಗಡೆಗೆ ಪ್ಲಸ್ಸು, ಎಡಗಡೆಗೆ ಮೈನಸ್ಸು. "ಪ್ಲಸ್ಸು ಅಂದ್ರೆ ಮೇಲಕ್ಕೆ ನಡೆಯೋದು, ಮೈನಸ್ಸು ಅಂದ್ರೆ ಕೆಳಕ್ಕೆ ನಡೆಯೋದು" ಎಂದು ಹೇಳಿಕೊಟ್ಟು, ಶಿವಣ್ಣನನ್ನು ಸೊನ್ನೆಯ ಮೇಲೆ ನಿಲ್ಲಿಸಿ, "ಎರಡೆರಡು ಹೆಜ್ಜೆ, ಮೂರು ಸಲ, ಮೇಲಕ್ಕೆ ಹೋಗು" ಎಂದೆ. ಅವನು ಎಡಗಡೆಗೆ ನಡೆದು ಮೈನಸ್ ಆರರ ಮೇಲೆ ನಿಂತ.

"ಏಯ್, ಮೇಲಕ್ಕೆ ಅಂದೆ ಕಣೋ."

"ಮೇಲಕ್ಕೇ ಬಂದಿವ್ನಿ ಮಿಸ್."

ಇನ್ನೊಬ್ಬಳನ್ನು ನಿಲ್ಲಿಸಿದೆ. ಅವಳೂ ಎಡಗಡೆಗೇ ಹೋದಳು. ಮತ್ತೊಬ್ಬ, ಅವನೂ ಅದೇ. ಪ್ಲಸ್ಸನ್ನು ಪ್ಲಸ್ಸಿನಿಂದ ಗುಣಿಸಿದರೂ ನನ್ನ ಶಾಲೆಯಲ್ಲಿ ಮೈನಸ್ಸು ಬರುತ್ತಿತ್ತು. ಸುತ್ತ ನಿಂತ ಮಕ್ಕಳಿಗೆಲ್ಲ ಅದು ಸರಿಯಾಗಿಯೇ ಕಾಣುತ್ತಿತ್ತು, ತಬ್ಬಿಬ್ಬಾದವಳು ನಾನೊಬ್ಬಳೇ. ಕೊನೆಗೆ ಪುಟ್ಟತಾಯಿ ಹತ್ತಿರ ಬಂದು ನನ್ನ ಕಿವಿಯಲ್ಲಿ ಹೇಳಿದಳು. "ಮಿಸ್, ನಾಲೆ ನೀರು ಬರೋದು ಆ ಕಡೆಯಿಂದ. ಅದೇ ಮೇಲ್ಗಡೆ. ನೀವು ಪ್ಲಸ್ಸು ಅಂತ ಬರ್ದಿರೋದು ಕೆಳಗಡೆ."

ನನ್ನ ತವರಿನ ಹೊಲ ಮಳೆ ನಂಬಿದ್ದು. ನಾಲೆಯ ಸೀಮೆಯಲ್ಲಿ ಹುಟ್ಟಿದ ಮಕ್ಕಳಿಗೆ ಸಿಮೆಂಟು ಹಾಕಿದ ಸಮ ಜಗಲಿಯಲ್ಲೂ ಒಂದು ಮೇಲು, ಒಂದು ಕೆಳಗು ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ನೀರು ಬರುವ ದಿಕ್ಕು ಮೇಲೆ, ನೀರು ಹೋಗುವ ದಿಕ್ಕು ಕೆಳಗೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ನಾನು ಒದ್ದೆ ಬಟ್ಟೆಯಿಂದ ಗೆರೆ ಒರೆಸುತ್ತಿದ್ದಾಗ ಹೆಡ್‌ಮಾಸ್ತರು ಬಂದು ನಿಂತು, "ಏನಮ್ಮ, ಇವತ್ತೇನು ರಂಗೋಲಿ ಕ್ಲಾಸಾ?" ಎಂದರು. ಮಕ್ಕಳು ನಕ್ಕರು. ಅಂದು ಮಧ್ಯಾಹ್ನ ಊಟದ ಡಬ್ಬಿ ತೆರೆಯಲೇ ಇಲ್ಲ ನಾನು.

ಚೈತ್ರ, ಇದನ್ನು ಯಾಕೆ ಇಷ್ಟು ಬಿಡಿಸಿ ಬರೆದೆ ಗೊತ್ತಾ? ಮಕ್ಕಳು ತಪ್ಪು ಮಾಡಿದರು ಅಂತ ನಾವು ಕೆಂಪು ಗೆರೆ ಎಳೆಯುವ ಮುಂಚೆ, ಅವರು ಯಾವುದನ್ನು ಮೇಲೆ ಅಂತ ತಿಳಿದಿದ್ದಾರೆ ಅನ್ನುವುದನ್ನು ಒಮ್ಮೆ ಕೇಳಿಬಿಡಬೇಕು. ನಿನ್ನ ತರಗತಿಯ ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಹೆಚ್ಚಿನವರು ಕಾರ್ಖಾನೆಗೆ ಹೋಗುವವರು. ಅವರ ಮೇಲು ಕೆಳಗು ಬೇರೆ ಇರಬಹುದು.

ನಮ್ಮ ಶಾಲೆಯ ಎದುರಿಗೇ ಬಸ್ಸು ನಿಲ್ಲುವ ಜಾಗ. ಒಂದು ಕರೆಂಟು ಕಂಬ, ಅದರ ಬುಡದಲ್ಲಿ ಸೀಬೆಹಣ್ಣು, ಕಡಲೆಕಾಯಿ ಮಾರುವ ನಿಂಗಮ್ಮನ ಬುಟ್ಟಿ. ಸಂಜೆ ಶಾಲೆ ಬಿಟ್ಟ ಮೇಲೆ ನಾನು ಅಲ್ಲಿ ನಿಲ್ಲುತ್ತಿದ್ದೆ. ಮಳವಳ್ಳಿಗೆ ಹೋದ ನಿಮ್ಮ ತಾತನ ಬಸ್ಸು ಆ ಹೊತ್ತಿಗೆ ಮಂಡ್ಯಕ್ಕೆ ತಿರುಗಿ ಬರುತ್ತಿತ್ತು, ಅದರಲ್ಲೇ ಮದ್ದೂರಿಗೆ ಹೋಗುತ್ತಿದ್ದೆ. ಗಂಡನ ಬಸ್ಸು ಅಂತ ಬಿಟ್ಟಿ ಇಲ್ಲ. ದಿನವೂ ನನ್ನ ಹತ್ತಿರ ಬಂದು, ಪರಿಚಯವೇ ಇಲ್ಲದವರ ಹಾಗೆ, "ಟಿಕೆಟ್ ತಗಂಡ್ರಾ ಮೇಡಂ?" ಎನ್ನುತ್ತಿದ್ದರು. ಬಸ್ಸಿನವರೆಲ್ಲ ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಗುತ್ತಿದ್ದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗುತ್ತಿರಲಿಲ್ಲ. ಈಗ ಆ ಒಂದು ಮಾತು ಕೇಳಲು ಎಷ್ಟು ದೂರ ಬೇಕಾದರೂ ನಡೆದು ಹೋಗುತ್ತೇನೆ.

ಪುಟ್ಟತಾಯಿ ತನ್ನ ಊರಿನ ಕಡೆ ನಡೆಯುವ ಮುಂಚೆ ನನ್ನ ಬಸ್ಸು ಬರುವವರೆಗೆ ಜೊತೆಗೆ ನಿಲ್ಲುತ್ತಿದ್ದಳು. ಜಗಲಿಯ ಗೆರೆ ಒರೆಸಿದ ದಿನವೂ ನಿಂತಳು. ನಾನು ದಾರಿ ನೋಡುತ್ತಿದ್ದೆ. ಅವಳೇ, "ಮಿಸ್, ನೀವು ಓಗೋದು ಮಂಡ್ಯ ಕಡೀಕೆ. ದಿನಾ ಮಳವಳ್ಳಿ ಕಡೆ ಯಾಕೆ ನೋಡ್ತೀರಿ?" ಎಂದಳು.

"ಮಂಡ್ಯಕ್ಕೆ ಹೋಗೋ ಬಸ್ಸು ಬರೋದು ಆ ಕಡೆಯಿಂದ ತಾನೇ?"

ಬುಟ್ಟಿಯ ಹಿಂದಿನಿಂದ ನಿಂಗಮ್ಮ, "ಗಂಡ ಬರೋ ದಿಕ್ಕು ಕಣವ್ವ ಅದು, ಬ್ಯಾರೆ ಕಡೆ ನೋಡ್ತಾರಾ?" ಎಂದು ನಕ್ಕಳು.

ಪುಟ್ಟತಾಯಿ ನಗಲಿಲ್ಲ. ಅವಳು ರಸ್ತೆಯ ಉದ್ದಕ್ಕೂ ಇದ್ದ ಕರೆಂಟು ಕಂಬಗಳನ್ನು ನೋಡುತ್ತಿದ್ದಳು. ಬಸ್ಸು ಬಂತು. ನಿಮ್ಮ ತಾತ ಬಾಗಿಲಲ್ಲಿ ನೇತಾಡುತ್ತ, "ಬತ್ತೀರೋ ಇಲ್ವೋ ಮೇಡಂ? ಎಂಡ್ರು ಅಂತ ಬಸ್ಸು ಕಾಯಾಕಿಲ್ಲ!" ಎಂದರು. ನಾನು ಒಂದು ಕಾಲು ಮೆಟ್ಟಿಲಿನ ಮೇಲೆ ಇಟ್ಟಿದ್ದೆ. ಆಗ ಪುಟ್ಟತಾಯಿ ನನ್ನ ಸೆರಗು ಹಿಡಿದು ಜಗ್ಗಿದಳು.

"ಮಿಸ್, ಇಂದಕ್ಕೆ ಓಗೋ ಬಸ್ಸು, ಇಂದ್ಲ ಒತ್ತಲ್ಲಿ ಮುಂದಿತ್ತು!"

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮೆಟ್ಟಿಲಿನಿಂದ ಕಾಲು ಕೆಳಗಿಳಿಯಿತು. "ನೀವು ಹೋಗಿ" ಎಂದೆ. ನಿಮ್ಮ ತಾತ ಒಂದು ಕ್ಷಣ ನನ್ನ ಮುಖ ನೋಡಿ ಸೀಟಿ ಊದಿದರು. ಮದುವೆಯಾದ ಮೇಲೆ ಅವರ ಬಸ್ಸನ್ನು ನಾನೇ ಬಿಟ್ಟಿದ್ದು ಅದೊಂದು ಸಲ.

ಆ ಸಂಜೆ ನಾವಿಬ್ಬರೂ ಕಂಬದ ಬುಡದಲ್ಲಿ ಕೂತು ಮಾಡಿದ ಲೆಕ್ಕವನ್ನೇ ನಿನಗೆ ಹೇಳುತ್ತೇನೆ ಚೈತ್ರ. ನಾವು ನಿಂತ ಕಂಬ ಸೊನ್ನೆ. ಮಳವಳ್ಳಿ ಕಡೆಯ ಕಂಬಗಳೆಲ್ಲ ಪ್ಲಸ್ಸು, ಮಂಡ್ಯ ಕಡೆಯವು ಮೈನಸ್ಸು. ಆಯಾ ಕಡೆಗೆ ಹೋಗುವ ಬಸ್ಸುಗಳೂ ಹಾಗೇ. ಇನ್ನು ಮುಂದೆ ಬರುವ ನಿಮಿಷ ಪ್ಲಸ್ಸು, ಕಳೆದುಹೋದ ನಿಮಿಷ ಮೈನಸ್ಸು. ಬಸ್ಸು ನಿಮಿಷಕ್ಕೆ ಹತ್ತು ಕಂಬ ದಾಟುತ್ತದೆ ಅಂತ ಇಟ್ಟುಕೊಂಡೆವು.

ಮಳವಳ್ಳಿಗೆ ಹೋಗುವ ಬಸ್ಸು ಈಗ ನಮ್ಮ ಎದುರಿದೆ. ಎರಡು ನಿಮಿಷ ಆದ ಮೇಲೆ ಎಲ್ಲಿರುತ್ತದೆ? ಮಳವಳ್ಳಿ ಕಡೆ ಇಪ್ಪತ್ತನೇ ಕಂಬದಲ್ಲಿ. ಪ್ಲಸ್ಸು ಪ್ಲಸ್ಸು ಪ್ಲಸ್ಸು. ಅದೇ ಬಸ್ಸು ಎರಡು ನಿಮಿಷದ ಹಿಂದೆ ಎಲ್ಲಿತ್ತು? ಮಂಡ್ಯ ಕಡೆ ಇಪ್ಪತ್ತನೇ ಕಂಬದಲ್ಲಿ. ಪ್ಲಸ್ಸಿನ ಬಸ್ಸು, ಮೈನಸ್ಸಿನ ಹೊತ್ತು, ನಿಂತ ಜಾಗ ಮೈನಸ್ಸು. ಈಗ ಮಂಡ್ಯಕ್ಕೆ ಹೋಗುವ ಬಸ್ಸು ತಗೋ. ಎರಡು ನಿಮಿಷದ ಮೇಲೆ ಮಂಡ್ಯ ಕಡೆಯ ಇಪ್ಪತ್ತನೇ ಕಂಬ. ಮೈನಸ್ಸಿನ ಬಸ್ಸು, ಪ್ಲಸ್ಸಿನ ಹೊತ್ತು, ಜಾಗ ಮೈನಸ್ಸು. ಕೊನೆಯದು, ಮಂಡ್ಯಕ್ಕೆ ಹೋಗುವ ಅದೇ ಬಸ್ಸು ಎರಡು ನಿಮಿಷದ ಹಿಂದೆ ಎಲ್ಲಿತ್ತು? ಮಳವಳ್ಳಿ ಕಡೆ ಇಪ್ಪತ್ತನೇ ಕಂಬದಲ್ಲಿ. ಮೈನಸ್ಸಿನ ಬಸ್ಸು, ಮೈನಸ್ಸಿನ ಹೊತ್ತು, ಜಾಗ ಪ್ಲಸ್ಸು. ನಾನು ದಿನಾ ಸಂಜೆ ಕಣ್ಣಿಟ್ಟು ನೋಡುತ್ತಿದ್ದ ಜಾಗ ಅದು. ಅದನ್ನು ಯಾರೂ ನಿಯಮ ಮಾಡಿ ಇಟ್ಟದ್ದಲ್ಲ. ಬಸ್ಸು ಅಲ್ಲೇ ಇತ್ತು, ಇನ್ನೆಲ್ಲಿಯೂ ಇರಲು ಸಾಧ್ಯವಿರಲಿಲ್ಲ.

ಪುಟ್ಟತಾಯಿ ನೆಲದ ಮೇಲೆ ಕಡ್ಡಿಯಿಂದ ಬರೆದಳು. ಮೈನಸ್ ಹತ್ತು, ಗುಣಿಸು ಚಿಹ್ನೆ, ಮೈನಸ್ ಎರಡು. ಆಮೇಲೆ ಇಪ್ಪತ್ತು ಎಂದು ಬರೆದು, ಅದರ ಮುಂದೆ ದೊಡ್ಡದಾಗಿ ಪ್ಲಸ್ಸು ಹಾಕಿದಳು. ಎರಡು ಗೆರೆಗಳನ್ನೂ ಮಣ್ಣಿನಲ್ಲಿ ಆಳವಾಗಿ ಎಳೆದಳು.

"ಈಗ ಕೈ ಏನಂತದೆ?" ಎಂದೆ.

"ಕಂಡಿದ್ದ ಬರೆಯಾಕೆ ಅದ್ಕೇನ್ ರೋಗ" ಎಂದಳು.

ನಿಂಗಮ್ಮ ಎರಡು ಸೀಬೆಹಣ್ಣು ಕೊಟ್ಟಳು. "ಗಂಡನ್ ಬಸ್ ಬುಟ್ಟು ಇಲ್ಲಿ ಮಣ್ಣಲ್ಲಿ ಆಟ ಆಡ್ತಾ ಕುಂತವ್ರೆ ಮೇಷ್ಟ್ರಮ್ಮ" ಎಂದು ದಾರಿಯಲ್ಲಿ ಹೋಗುವವರಿಗೆಲ್ಲ ಸಾರಿದಳು.

ಮರುದಿನ ಇಡೀ ತರಗತಿಯನ್ನು ಕಂಬದ ಹತ್ತಿರ ನಿಲ್ಲಿಸಿದೆ. ಪಾಠ ಹೇಳಿದ್ದು ನಾನಲ್ಲ, ಪುಟ್ಟತಾಯಿ. ಶಿವಣ್ಣ ಅವಳ ಜೊತೆ ತಕರಾರು ತೆಗೆದ. "ಮಂಡ್ಯ ಎಷ್ಟ್ ದೊಡ್ಡೂರು! ಅದೆಂಗಮ್ಮಿ ಮೈನಸ್ಸು?" "ಆಯ್ತು, ಮಂಡ್ಯನೇ ಪ್ಲಸ್ಸು ಮಡಿಕೊ. ಈಗ ಮಂಡ್ಯದಿಂದ ಬರೋ ಬಸ್ಸು ಮೈನಸ್ಸು. ಆಗ್ಲೆ ಎಲ್ಲಿತ್ತು?" "ಮಂಡ್ಯ ಕಡೆ." "ಏನಾಯ್ತು?" ಶಿವಣ್ಣ ತಲೆ ಕೆರೆದುಕೊಂಡು, "ಅಯ್ಯೋ ಇವ್ಳ, ಪ್ಲಸ್ಸೇ" ಎಂದ. ಯಾವ ಕಡೆಗೆ ಯಾವ ಹೆಸರಿಟ್ಟರೂ ಕೊನೆಗೆ ಅದೇ ಬರುತ್ತದೆ ಅನ್ನುವುದು ನನಗೂ ಆಗಲೇ ಹೊಳೆದದ್ದು. ಜಗಲಿಯ ಗೆರೆಯ ಅವಮಾನವೂ ಅಲ್ಲಿಗೆ ಇಳಿದುಹೋಯಿತು.

ಹೆಡ್‌ಮಾಸ್ತರು ಶಾಲೆಯ ಬಾಗಿಲಿನಿಂದ ನೋಡುತ್ತಿದ್ದರು. ಬೈಯುತ್ತಾರೆ ಎಂದುಕೊಂಡೆ. ಅವರು ರಸ್ತೆ ದಾಟಿ ಬಂದು, ಕೈ ಹಿಂದೆ ಕಟ್ಟಿಕೊಂಡು, ಮಕ್ಕಳ ನಡುವೆ ನಿಂತು ಮೂರು ಬಸ್ಸು ನೋಡಿದರು. ಕೊನೆಗೆ ಪುಟ್ಟತಾಯಿಗೆ, "ಲಾರಿಗೂ ಇದೇ ಲೆಕ್ಕವೇನವ್ವ?" ಎಂದು ಕೇಳಿದರು. "ಊಂ ಸಾ, ಸೈಕಲ್ಲಿಗೂ" ಎಂದಳು. ಅವರು ತಲೆಯಾಡಿಸಿ ಒಳಗೆ ಹೋದರು. ಆ ಮಧ್ಯಾಹ್ನ ಅವರ ಬೆತ್ತದ ಕೋಲಾಟ ಕೇಳಲಿಲ್ಲ. ಮರುದಿನ ಮತ್ತೆ ಶುರುವಾಯಿತು ಅನ್ನಿ.

ಪ್ರಿಪರೇಟರಿ ಪರೀಕ್ಷೆಯಲ್ಲಿ ಪುಟ್ಟತಾಯಿ ಎಲ್ಲ ಚಿಹ್ನೆಗಳನ್ನೂ ಬರೆದಳು. ಪಬ್ಲಿಕ್ ಪರೀಕ್ಷೆಗೆ ಕೂತಳು. ಫಲಿತಾಂಶ ಬಂದ ದಿನ ಅವಳ ಅಪ್ಪ ಆಲೆಮನೆಯಿಂದ ಬಿಸಿ ಬೆಲ್ಲದ ಉಂಡೆಯನ್ನು ಬಾಳೆ ಎಲೆಯಲ್ಲಿ ಸುತ್ತಿ ತಂದು ಹೆಡ್‌ಮಾಸ್ತರ ಮೇಜಿನ ಮೇಲೆ ಇಟ್ಟ. ಹೆಡ್‌ಮಾಸ್ತರು ಮೊದಲ ಚೂರು ಮುರಿದು ನನ್ನ ಕೈಗೆ ಕೊಟ್ಟು, "ತಗಳಮ್ಮ, ರಂಗೋಲಿ ಮೇಡಂ" ಎಂದರು.

ಜೂನಿನಲ್ಲಿ ಮಳವಳ್ಳಿ ಹಾಸ್ಟೆಲಿಗೆ ಹೊರಟ ದಿನ ಪುಟ್ಟತಾಯಿ ಕಬ್ಬಿಣದ ಪೆಟ್ಟಿಗೆ ಹಿಡಿದು ನನ್ನ ಜೊತೆ ಕಂಬದ ಹತ್ತಿರ ನಿಂತಿದ್ದಳು. ಧನ್ಯವಾದ, ಕಾಲಿಗೆ ಬೀಳುವುದು, ಅದೆಲ್ಲ ಇಲ್ಲ. ಅವಳಿಗೆ ಹೊಸ ಪ್ರಶ್ನೆ ಹುಟ್ಟಿತ್ತು.

"ಮಿಸ್, ನಾವು ನಿಂತಿರೋ ಕಂಬ ಸೊನ್ನೆ ಅಂದ್ವಲ್ಲ. ನಾ ಮಳವಳ್ಳಿಗೆ ಓಯ್ತೀನಿ. ಆಗ ಸೊನ್ನೆ ಎಲ್ಲಿರ್ತದೆ?"

ಸೊನ್ನೆಯನ್ನು ನಮಗೆ ಬೇಕಾದ ಕಡೆ ಇಟ್ಟುಕೊಳ್ಳಬಹುದು, ನೀನು ನಿಂತ ಜಾಗದಲ್ಲೇ ಇಟ್ಟುಕೊ ಎನ್ನಬೇಕಿತ್ತು. ಅವಳ ಕಣ್ಣು ತುಂಬಿತ್ತು, ನನ್ನದೂ ತುಂಬಿತ್ತು. "ಇಲ್ಲೇ ಇರುತ್ತೆ ಕಣವ್ವ. ನಾನು ಇಲ್ಲೇ ಇರ್ತೀನಲ್ಲ" ಎಂದುಬಿಟ್ಟೆ. ಬಸ್ಸು ಬಂತು. ನಿಮ್ಮ ತಾತನೇ ಅವಳ ಪೆಟ್ಟಿಗೆಯನ್ನು ಮೇಲೆ ಹಾಕಿದರು.

ಆ ವರ್ಷ ಕಳೆಯುವ ಮುಂಚೆಯೇ ನನಗೆ ಬಸರಾಳಿನ ಕಡೆಗೆ ವರ್ಗವಾಯಿತು. ಮಂಡ್ಯ ದಾಟಿ ಆಚೆ. ಸರ್ಕಾರಿ ಕೆಲಸದಲ್ಲಿ ಇದೆಲ್ಲ ಇದ್ದದ್ದೇ. ಅಲ್ಲಿ ರಸ್ತೆ ಶಾಲೆಯಿಂದ ದೂರವಿತ್ತು, ಬಸ್ಸು ಅಪರೂಪ. ಕಂಬದ ಲೆಕ್ಕವನ್ನು ಕಪ್ಪು ಹಲಗೆಯ ಮೇಲೆ ಬರೆದು ಹೇಳುತ್ತಿದ್ದೆ. ಮಕ್ಕಳಿಗೆ ತಿಳಿಯುತ್ತಿತ್ತು. ಆದರೆ ಮಣ್ಣಿನಲ್ಲಿ ಆಳವಾಗಿ ಪ್ಲಸ್ಸು ಎಳೆದವರು ಮತ್ತೆ ಯಾರೂ ಸಿಗಲಿಲ್ಲ.

ಎಷ್ಟೋ ವರ್ಷದ ಮೇಲೆ ಮಂಡ್ಯದಲ್ಲಿ ಒಂದು ತರಬೇತಿ. ನನ್ನ ಮಗನ ವಯಸ್ಸಿನ ಹುಡುಗ ಪಾಠ ಮಾಡುತ್ತಿದ್ದ. ಹಲಗೆಯ ಮೇಲೆ ಮೈನಸ್ ಮೂರರ ಮಗ್ಗಿಯನ್ನು ತಿರುವಿ ಬರೆದ. ಮೈನಸ್ ಮೂರು ಮೂರ್ಲಿ ಮೈನಸ್ ಒಂಬತ್ತು, ಎರಡ್ಲಿ ಮೈನಸ್ ಆರು, ಒಂದ್ಲಿ ಮೈನಸ್ ಮೂರು, ಸೊನ್ನೆಯಿಂದ ಗುಣಿಸಿದರೆ ಸೊನ್ನೆ. "ಪ್ರತಿ ಸಾಲಿಗೂ ಉತ್ತರ ಮೂರು ಮೂರು ಏರ್ತಾ ಇದೆ. ಸೊನ್ನೆ ಆದ ಮೇಲೆ ಮೈನಸ್ ಒಂದರ ಸಾಲಿಗೆ ಎಷ್ಟು ಬರಬೇಕು?" ಎಂದ. ಪ್ಲಸ್ ಮೂರು ಬರಲೇಬೇಕು, ಇಲ್ಲದಿದ್ದರೆ ಮಗ್ಗಿಯ ನಡಿಗೆಯೇ ಮುರಿಯುತ್ತದೆ. ಎಷ್ಟು ಚೆಂದವಾಗಿತ್ತು! ಬಸ್ಸೂ ಬೇಡ, ಕಂಬವೂ ಬೇಡ. ಚೈತ್ರ, ನೀನು ಎರಡನ್ನೂ ಹೇಳು, ಮೊದಲು ಬಸ್ಸು, ಆಮೇಲೆ ಮಗ್ಗಿ. "ನಿಮ್ಮಲ್ಲಿ ಯಾರಿಗಾದರೂ ಬೇರೆ ದಾರಿ ಗೊತ್ತಿದೆಯಾ?" ಎಂದು ಆ ಹುಡುಗ ಕೇಳಿದ. ನಾನು ಎದ್ದು ನಿಲ್ಲಲಿಲ್ಲ. ಅಷ್ಟು ಜನ ಮೇಷ್ಟರುಗಳ ಎದುರು ಹೇಗೆ ನಿಲ್ಲುವುದು. ಇದನ್ನು ಪುಟ್ಟತಾಯಿಗೆ ತೋರಿಸಬೇಕು, ಅವಳು ಏನೆನ್ನುತ್ತಾಳೋ ಎಂದು ಮಾತ್ರ ಅನ್ನಿಸಿತು. ಅವಳು ಎಲ್ಲಿದ್ದಾಳೆ ಅಂತ ಅಷ್ಟರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳ ಅಪ್ಪ ಬೇರೆ ಆಲೆಮನೆ ಹಿಡಿದು ಊರು ಬಿಟ್ಟಿದ್ದ.

ಈಗ ಶಾಲೆಗಳಲ್ಲಿ ಗೋಡೆಯ ಮೇಲೆ ದೊಡ್ಡ ಟಿವಿ ಬಂದಿದೆ, ಅದರಲ್ಲಿ ಬಣ್ಣದ ಬಾಣಗಳು ಹಿಂದೆ ಮುಂದೆ ಓಡುತ್ತವೆ ಎಂದು ಚೈತ್ರ ಹೇಳುತ್ತಾಳೆ. ಒಳ್ಳೆಯದೇ. ನಿವೃತ್ತಿಯಾಗುವ ಹೊತ್ತಿಗೆ ನಾನೂ ನೋಡಿದೆ. ನಿಮ್ಮ ತಾತ ಹೋದ ಮೇಲೆ ಮಂಡ್ಯದಲ್ಲಿ ನಿಮ್ಮಪ್ಪನ ಜೊತೆ ಇದ್ದೇನೆ. ಸಂಜೆ ಆ ಹೊತ್ತಾದರೆ ಕಣ್ಣು ತಾನಾಗಿ ಬೀದಿಯ ಕೊನೆಗೆ ಹೋಗುತ್ತದೆ. ಅಲ್ಲಿ ಯಾವ ಬಸ್ಸೂ ಬರುವುದಿಲ್ಲ. ಅದು ಸಣ್ಣ ಅಡ್ಡಬೀದಿ.

ಹೋದ ವರ್ಷ ಮದ್ದೂರಿನಲ್ಲಿ ಒಂದು ಮದುವೆಗೆ ಹೋಗಿ ಬಸ್ ನಿಲ್ದಾಣದಲ್ಲಿ ಕೂತಿದ್ದೆ. ಬೆನ್ನು ಬಾಗಿದ ಒಬ್ಬ ಹೆಂಗಸು ಹತ್ತಿರ ಬಂದು ನನ್ನ ಮುಖವನ್ನೇ ನೋಡುತ್ತ ನಿಂತಳು.

"ಅಯ್ಯೋ, ಮೇಷ್ಟ್ರಮ್ಮ! ನೀವೇನಾ?"

ಸೀಬೆಹಣ್ಣಿನ ನಿಂಗಮ್ಮ. ಮಗಳ ಮನೆಗೆ ಹೊರಟಿದ್ದಳಂತೆ. ನನ್ನ ಹಣೆ ನೋಡಿ ವಿಷಯ ತಿಳಿದುಕೊಂಡು, ಕೈ ಹಿಡಿದು ಪಕ್ಕದಲ್ಲೇ ಕೂತಳು. "ಟಿಕೆಟ್ ತಗಂಡ್ರಾ ಮೇಡಂ ಅಂತ ಎಂಗ್ ಆಡ್ಕತಿತ್ತು ಆವಯ್ಯ" ಎಂದಳು. ಆಮೇಲೆ ಅವಳಿಗೆ ಏನೋ ನೆನಪಾಯಿತು.

"ಒಂದ್ ಮಾತು ನಿಮ್ಗೆ ಏಳ್ಲೇ ಇಲ್ಲ ಕಣಮ್ಮ. ನೀವು ಬಸರಾಳ್ ಕಡೀಕೆ ಓದ್ರಲ್ಲ, ಆ ವರ್ಸವೇ ರಜದಲ್ಲಿ ಆ ಪುಟ್ಟತಾಯಿ ಬಂದಿತ್ತು. ಜಡೆ ಆಕ್ಕಂಡು, ಬಿಳೀ ರಿಬ್ಬನ್ನು. ‘ಮಿಸ್ ಇಲ್ವಾ ನಿಂಗಕ್ಕ’ ಅಂದ್ಲು. ‘ವರ್ಗ ಆಗೋಯ್ತು ಕಣವ್ವ, ಬಸರಾಳ್ ಕಡೀಕೆ’ ಅಂದೆ. ಕಂಬ ಇಡ್ಕಂಡು ಒಸಿ ಒತ್ತು ನಿಂತಿದ್ಲು. ‘ಅಂಗಾರೆ ಸೊನ್ನೆ ಇಲ್ಲಿಲ್ಲ ಬುಡು’ ಅಂತ ನಕ್ಬುಟ್ಟು ಬಸ್ ಅತ್ತಿದ್ಲು. ಅದೇನಮ್ಮ ಅಂಗಂದ್ರೆ?"

"ಯಾವ ಬಸ್ಸು ಹತ್ತಿದಳು ನಿಂಗಮ್ಮ? ಮಳವಳ್ಳಿ ಕಡೆಯದೋ, ಮಂಡ್ಯ ಕಡೆಯದೋ?" ಎಂದೆ. ಮಳವಳ್ಳಿಯದಾದರೆ ಹಾಸ್ಟೆಲಿಗೆ ತಿರುಗಿ ಹೋದಳು. ಮಂಡ್ಯದ್ದಾದರೆ ನನ್ನನ್ನು ಹುಡುಕಿಕೊಂಡು ಹೊರಟಿದ್ದಳು.

ನಿಂಗಮ್ಮ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ಯೋಚಿಸಿದಳು.

"ಅಯ್ಯೋ, ಅದ್ಯಾವ ಕಾಲದ್ ಮಾತು! ಬಸ್ಸು ಬಂತು, ಅತ್ತಿದ್ಲು. ಯಾವ ಕಡೆ ಅಂತ ಯಾರ್ ನೋಡುದ್ರು ಬುಡಮ್ಮ" ಎಂದಳು.